ದೀಪ ಹಾಕುವ ಮುನ್ನ

"ಎಷ್ಟು ಜನ?" ಎಂದು ರಾಷ್ಟ್ರೀಯ ಉದ್ಯಾನದ ಗೇಟಿನ ಗುಮಾಸ್ತ ಕೇಳಿದಾಗ ಅವಳ ಬಾಯಿಂದ "ಇಬ್ಬರು" ಎಂದು ಬಂದುಬಿಟ್ಟಿತು. ತಿದ್ದಿಕೊಳ್ಳೋಣವೆಂದರೆ ಅಷ್ಟರಲ್ಲೇ ಅವನು ಎರಡು ಚೀಟಿ ಹರಿದಾಗಿತ್ತು. ಹರಿದವನು ಸುಮ್ಮನೆ ಕೊಡಬಾರದೆ? ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕಾರಿನೊಳಗೆ ಇಣುಕಿದ. ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿದ್ದದ್ದು ಒಂದು ದಿಂಬು, ಅದರ ಮೇಲೊಂದು ಬೈನಾಕ್ಯುಲರ್ ಪೆಟ್ಟಿಗೆ. "ಇನ್ನೊಬ್ಬರೆಲ್ಲಿ ಮೇಡಂ?" ಎಂದ. "ಹಿಂದಿನ ಗಾಡೀಲಿ ಬರ್ತಿದಾರೆ," ಎಂದಳು. ಹಿಂದೆ ಗಾಡಿಯೂ ಇರಲಿಲ್ಲ, ಗೀಡಿಯೂ ಇರಲಿಲ್ಲ. ನೆಟ್ಟಗೆ ಎರಡು ಮೈಲಿ ಖಾಲಿ ರಸ್ತೆ ಬಿದ್ದಿತ್ತು. ಗುಮಾಸ್ತ ಆ ಖಾಲಿ ರಸ್ತೆಯನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಮರ್ಯಾದಸ್ಥನ ಹಾಗೆ ತನ್ನ ಮೇಜಿನ ಮೇಲಿದ್ದ ಟೀ ಲೋಟವನ್ನು ನೋಡತೊಡಗಿದ. ಐವತ್ತೇಳು ವರ್ಷದ ಹೆಂಗಸು, ಮೂವತ್ತೊಂದು ವರ್ಷ ಊರಿನವರ ಕಣ್ಣು ಪರೀಕ್ಷಿಸಿ ಕನ್ನಡಕ ಕಟ್ಟಿಕೊಟ್ಟವಳು, ಬೀದಿಗೆ ಬೀದಿಯೇ ಕನ್ನಡಕದಮ್ಮ ಎಂದು ಕರೆದವಳು, ಗೇಟಿನಲ್ಲಿ ನಿಂತು ಇಂಥ ಹಸಿಸುಳ್ಳು ಹೇಳುವುದೆ! ಕಿವಿ ಬಿಸಿಯಾಯಿತು. ಗೇರು ಹಾಕಿ, ಹಿಂದಿರುಗಿ ನೋಡದೆ ಹೊರಟಳು.

ಇದು ಒಂಬತ್ತನೆಯ ದಿನ, ನಾಲ್ಕನೆಯ ಉದ್ಯಾನ. ಇನ್ನೂ ಮೂರು ಉಳಿದಿದ್ದವು. ಏಳೂ ಅಕ್ಕ ಆರಿಸಿದವು. ಅಕ್ಕ ಪೋಸ್ಟ್ ಆಫೀಸಿನಲ್ಲಿ ಕಾಗದ ವಿಂಗಡಿಸುತ್ತಿದ್ದವಳು. ಯಾವ ಊರಿನ ಚೀಲ ಯಾವ ಬಂಡಿಗೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು, ಕಾಲು ಮಾತ್ರ ಊರು ಬಿಟ್ಟು ಹೋಗಿರಲಿಲ್ಲ. ನಿವೃತ್ತಿಯಾದ ವಾರವೇ ಏಳು ಉದ್ಯಾನಗಳ ಕಚೇರಿಗೂ ಕಾಗದ ಬರೆದು ಮಾಹಿತಿಪತ್ರ ತರಿಸಿಕೊಂಡಿದ್ದಳು, ಬೈನಾಕ್ಯುಲರ್ ಕೊಂಡಿದ್ದಳು. ಅದಾಗಿ ಹನ್ನೊಂದು ವರ್ಷ. ಪ್ರತಿ ವರ್ಷವೂ ಹೊರಡುವುದು, ಪ್ರತಿ ವರ್ಷವೂ ಕನ್ನಡಕದಮ್ಮನ ಅಂಗಡಿಗೆ ಏನಾದರೊಂದು ಅಡ್ಡಿ. ಕೊನೆಗೆ ಅಂಗಡಿ ಕೈಬಿಟ್ಟು ಪುರಸೊತ್ತಾಗುವ ಹೊತ್ತಿಗೆ ಅಕ್ಕನ ಕಣ್ಣು ಹೋಗಿತ್ತು. ಪೂರ್ತಿಯಲ್ಲ, ನಡುಭಾಗ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಮಸಿ ಬಳಿದ ಹಾಗೆ ಕಪ್ಪು, ಸುತ್ತ ಅಂಚಿನಲ್ಲಿ ಬೆಳಕು. "ನಿನ್ನ ಮುಖ ನೋಡಬೇಕಂದ್ರೆ ನಿನ್ನ ಕಿವಿ ಆಚೆ ನೋಡಬೇಕು ಕಣೇ," ಎಂದು ಅಕ್ಕ ನಗುತ್ತಿದ್ದಳು. ಯಾರೇ ಕೇಳಿದರೂ "ಸ್ವಲ್ಪ ಮಸುಕು ಅಷ್ಟೇ" ಎನ್ನುತ್ತಿದ್ದಳು. ಕಾಣುವುದಿಲ್ಲ ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. "ನೀನೂ ಬಾರಕ್ಕ" ಎಂದು ಕನ್ನಡಕದಮ್ಮ ಕರೆದಿದ್ದೇನೋ ನಿಜ. ಆದರೆ ಹೇಗೆ ಕರೆದಳು? ಪಾತ್ರೆ ತೊಳೆಯುತ್ತಾ, ನಲ್ಲಿಯ ಸದ್ದಿನಲ್ಲಿ, ಬೆನ್ನು ತಿರುಗಿಸಿಕೊಂಡು. ಹಾಗೆ ಕರೆದರೆ ಯಾವ ಮಾನವಂತರು ಬರುತ್ತಾರೆ? "ನೀನು ಹೋಗಿ ನೋಡ್ಕೊಂಡು ಬಾ. ದಿನಾ ಐದಕ್ಕೆ ಫೋನ್ ಮಾಡಿ ಹೇಳು. ಅಷ್ಟಾದ್ರೆ ನಾನೂ ನೋಡಿದ ಹಾಗೇ," ಎಂದಿದ್ದಳು ಅಕ್ಕ. ಮೂರನೆಯ ಮಹಡಿಯ ಮೆಟ್ಟಿಲಿಳಿದು ಕಾರು ಹತ್ತಿದಾಗ ಕನ್ನಡಕದಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರಾಗಿತ್ತು. ಆ ಹಗುರವನ್ನು ನೆನೆದೇ ಒಂಬತ್ತು ದಿನದಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಇವತ್ತು ಹೇಳಿಬಿಡಬೇಕು, ಎಂದುಕೊಂಡಳು. ಮೊನ್ನೆಯೂ ಹೀಗೇ ಅಂದುಕೊಂಡಿದ್ದಳು, ಆಚೆ ಮೊನ್ನೆಯೂ. ಮನೆಯಲ್ಲಿ ಎದುರೆದುರು ಕೂತು ಹೇಳಲಾರದ್ದನ್ನು ದೂರದಿಂದಾದರೂ ಹೇಳಿಬಿಟ್ಟು ಬರೋಣ, ಹೇಳದೆ ಆ ಮೆಟ್ಟಿಲು ಹತ್ತಬಾರದು ಎಂದೇ ಅವಳು ಹೊರಟಿದ್ದು. ಕಾಡು ಮೇಡು ಎಲ್ಲ ನೆಪ. ಹೇಳಿದ ಮೇಲೆ ಅಕ್ಕ "ಇನ್ನು ಬರಬೇಡ" ಎಂದರೆ? ಎರಡು ಮಂಚದ ಆ ಕೋಣೆ, ಕಿಟಕಿಯ ಕಡೆಯದು ಅಕ್ಕನದು, ಬಾಗಿಲ ಕಡೆಯದು ತನ್ನದು. ಅದು ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಹೋಗಿ ಮಲಗಲು ಇನ್ನೊಂದು ಜಾಗವಿರಲಿಲ್ಲ. ರಸ್ತೆಯ ಎರಡು ಬದಿಗೂ ಹುಲ್ಲು ಒಣಗಿ ನಿಂತಿತ್ತು, ನಡುನಡುವೆ ಕರಿಬಂಡೆ, ದೂರದಲ್ಲಿ ಏನೋ ಓಡಿತು, ಜಿಂಕೆಯೋ ನೆರಳೋ. ಜೀವಮಾನವೆಲ್ಲ ಅಂಗಡಿಯ ಇಪ್ಪತ್ತು ಅಡಿ ಉದ್ದದ ಕೋಣೆಯಲ್ಲಿ ಕಳೆದವಳು ಅವಳು. ಈ ತುದಿಗೆ ಕುರ್ಚಿ, ಆ ತುದಿಗೆ ಒಳಗೆ ದೀಪವಿರುವ ಅಕ್ಷರದ ಪೆಟ್ಟಿಗೆ. ಅದರಾಚೆಯ ನೋಟವನ್ನು ಇಟ್ಟುಕೊಂಡು ಏನು ಮಾಡುವುದೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಎಷ್ಟು ನೋಡಿದರೂ ಕಣ್ಣು ಹೋಗಿ ನಿಲ್ಲುತ್ತಿದ್ದದ್ದು ಹತ್ತಿರದ ಕ್ಷುಲ್ಲಕಗಳ ಮೇಲೆ: ವೈಪರಿಗೆ ಸಿಕ್ಕಿಕೊಂಡ ಒಣ ಎಲೆ, ಸ್ಟೀರಿಂಗಿನ ಮೇಲಿನ ತನ್ನ ಉಗುರು, ಪಕ್ಕದ ಸೀಟಿನ ದಿಂಬು. ಅದು ಅಕ್ಕನ ದಿಂಬು. ಹೊರಡುವ ಗಡಿಬಿಡಿಯಲ್ಲಿ ತನ್ನದೆಂದು ಎತ್ತಿಕೊಂಡು ಬಂದಿದ್ದಳು. ಮೊದಲ ದಿನ ಸಂಜೆ ತಲೆಯೆಣ್ಣೆಯ ವಾಸನೆ ಬಂದಾಗಲೇ ಗೊತ್ತಾದದ್ದು. ಅಂದರೆ ಅಲ್ಲಿ ಅಕ್ಕ ಒಂಬತ್ತು ದಿನದಿಂದ ತನ್ನ ಗಟ್ಟಿ ದಿಂಬಿನ ಮೇಲೆ ಕತ್ತು ನೋಯಿಸಿಕೊಂಡು ಮಲಗುತ್ತಿದ್ದಾಳೆ, ಫೋನಿನಲ್ಲಿ ಒಂದು ಸೊಲ್ಲೂ ಎತ್ತಿಲ್ಲ. ಅಕ್ಕ ಯಾವತ್ತು ಏನನ್ನು ಬಾಯಿ ಬಿಟ್ಟು ಕೇಳಿದ್ದಾಳೆ? ಈಗ ಕೆಳಗಿನ ಮನೆಯ ಟೈಲರಮ್ಮ ತನ್ನ ಹೊಲಿಗೆ ಮೆಷಿನ್ನನ್ನೇ ಮೇಲೆ ತಂದಿಟ್ಟುಕೊಂಡು ಅವಳ ಜೊತೆಗಿದ್ದಳು. ಟೈಲರಮ್ಮನ ಜಾಣತನವೇ ಜಾಣತನ. ಅಡುಗೆಮನೆಯ ಡಬ್ಬಿಗಳಿಗೆಲ್ಲ ದಾರದಲ್ಲಿ ಗುಂಡಿ ಕಟ್ಟಿದ್ದಳು. ಉಪ್ಪಿಗೆ ಒಂದು ಗುಂಡಿ, ಸಕ್ಕರೆಗೆ ಎರಡು, ಟೀ ಪುಡಿಗೆ ಕೋಟಿನ ದೊಡ್ಡ ಗುಂಡಿ. ಕಣ್ಣಿನ ಕಸುಬಿನವಳು ತಾನು, ಇಷ್ಟು ಸಣ್ಣ ಉಪಾಯ ತನಗೆ ಹೊಳೆಯಲಿಲ್ಲ.

ರಸ್ತೆ ಬೆಟ್ಟವೊಂದರ ಹೊಟ್ಟೆಯೊಳಗೆ ನುಗ್ಗಿತು. ಸುರಂಗ ಬರುತ್ತದೆಂದು ಬೋರ್ಡು ಇದ್ದಿರಬೇಕು, ಅವಳು ನೋಡಿರಲಿಲ್ಲ. ಫಕ್ಕನೆ ಕತ್ತಲು. ಕೈ ಗಾಡಿಯ ದೀಪದ ಗುಂಡಿಯ ಮೇಲೆ ಹೋಯಿತು, ಹೋದದ್ದು ಒತ್ತದೆ ಅಲ್ಲೇ ನಿಂತಿತು. ಇದೇ ಕತ್ತಲು, ಗುಂಡಿಯ ಮೇಲೆ ಇದೇ ಕೈ. ಎರಡು ವರ್ಷದ ಹಿಂದಿನ ಆ ದಿನ ಬೆಳಗಿನಿಂದ ಗಿರಾಕಿಗಳ ಕಾಟ, ಒಂದು ಲೋಟ ನೀರು ಕುಡಿಯಲು ಪುರಸೊತ್ತಿರಲಿಲ್ಲ. ಅಕ್ಕ ಊಟದ ಡಬ್ಬಿ ಹಿಡಿದು ಬಂದವಳು "ನನ್ನದೂ ಒಂದು ನೋಡಿಬಿಡೇ, ವರ್ಷ ಆಯ್ತು" ಎಂದು ಕುರ್ಚಿಯಲ್ಲಿ ಕೂತಳು. ವರ್ಷಕ್ಕೊಂದು ಸಲ ಅಕ್ಕನ ಕಣ್ಣು ನೋಡುವುದು, ಕಾರ್ಡಿನಲ್ಲಿ ಬರೆಯುವುದು. ಕನ್ನಡಕದಮ್ಮ ಕೋಣೆಯ ಬೆಳಕು ಆರಿಸಿ, ಗೋಡೆಯ ಹತ್ತಿರ ಹೋಗಿ ಅಕ್ಷರದ ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟಿದ್ದಳು, ಇನ್ನೂ ಒತ್ತಿರಲಿಲ್ಲ. ಹಿಂದಿನಿಂದ ಅಕ್ಕನ ದನಿ ಶುರುವಾಯಿತು. ಮೊದಲನೆಯ ಸಾಲಿನ ಒಂದೇ ದಪ್ಪಕ್ಷರ, ಎರಡನೆಯ ಸಾಲಿನ ಎರಡು, ಮೂರನೆಯದರ ಮೂರು, ಹೀಗೆ ಇಳಿಯುತ್ತಾ ಇಳಿಯುತ್ತಾ ಸಾಸಿವೆಯಷ್ಟು ಸಣ್ಣದಾದ ಕೊನೆಯ ಸಾಲಿನ ನ ಟ ಲ ಪ ರ ಗ ಮ ತನಕ. ಎಲ್ಲೂ ತಡವರಿಸಲಿಲ್ಲ. ಎದುರಿಗಿದ್ದದ್ದು ಬರೀ ಕತ್ತಲು. ಮೂವತ್ತೊಂದು ವರ್ಷ ಅದೇ ಪೆಟ್ಟಿಗೆ, ಅವೇ ಅಕ್ಷರ. ದಿನಾ ಡಬ್ಬಿ ತಂದು ಬೆಂಚಿನ ಮೇಲೆ ಕಾಯುತ್ತ ಕೂರುತ್ತಿದ್ದವಳು ಅಕ್ಕ. ಊರಿನ ಚೀಲಗಳನ್ನೆಲ್ಲ ಬಾಯಿಪಾಠ ಮಾಡಿದವಳಿಗೆ ಇಪ್ಪತ್ತೆಂಟು ಅಕ್ಷರ ಯಾವ ಲೆಕ್ಕ? ಬೇರೆ ಯಾವ ಅಂಗಡಿಗೆ ಹೋಗಿದ್ದರೂ ಸಿಕ್ಕಿಬೀಳುತ್ತಿದ್ದಳು. ಮನೆಯಲ್ಲೇ ಕಣ್ಣಿನವಳಿರುವಾಗ ಬೇರೆ ಅಂಗಡಿಗೆ ಯಾಕೆ ಹೋಗುತ್ತಾಳೆ?

ಕತ್ತಲಲ್ಲಿ ಕನ್ನಡಕದಮ್ಮ ಹತ್ತು ಎಣಿಸುವಷ್ಟು ಹೊತ್ತು ನಿಂತಿದ್ದಳು. ಆ ಹತ್ತರಲ್ಲಿ ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ಅಕ್ಕ ಈಚೆಗೆ ತಲೆ ವಾರೆ ಮಾಡಿ ನೋಡುವುದು, ಪೇಪರು ಓದಲು ಬೇಜಾರು ಎನ್ನುವುದು, ಲೋಟದ ಪಕ್ಕಕ್ಕೆ ನೀರು ಸುರಿಯುವುದು. ತಿಳಿದದ್ದಷ್ಟೇ ಆಗಿದ್ದರೆ ಅವಳು ದೀಪ ಹಾಕಿ, ಓಡಿ ಬಂದು ಅಕ್ಕನ ಕೈ ಹಿಡಿದುಕೊಳ್ಳುತ್ತಿದ್ದಳೇನೋ. ಆದರೆ ತಿಳಿದದ್ದರ ಹಿಂದೆಯೇ ಇನ್ನೊಂದು ಮಾತು ಒಳಗಿನಿಂದ ಎದ್ದು ಬಂತು: ಅಯ್ಯೋ, ಇನ್ನು ಇವಳನ್ನು ನಾನೇ ಹಿಡಿದು ನಡೆಸಬೇಕಲ್ಲ, ಸಾಯುವ ತನಕ. ದೇವರೇ, ಎಂಥ ಮಾತು! ಜ್ವರ ಬಂದಾಗ ತನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನ ತನಕ ಕೂತವಳ ವಿಷಯಕ್ಕೆ ಆಡುವ ಮಾತೆ ಅದು? ಅವಳು ದೀಪ ಹಾಕಿದಳು. "ಸರಿಯಾಗಿದೆ," ಎಂದಳು. ಕಾರ್ಡಿನಲ್ಲಿ ಹಿಂದಿನ ವರ್ಷದ ನಂಬರನ್ನೇ ಬರೆದಳು. ಡಬ್ಬಿ ಬಿಚ್ಚಿ ಇಬ್ಬರೂ ಉಂಡರು. ಆಮೇಲೆ ಅಂಗಡಿ ಮಾರಿ, ಹೊಸ ಮಾಲೀಕ ಗಳಿಗೆಗೊಮ್ಮೆ ಅಕ್ಷರ ಬದಲಾಯಿಸುವ ಪರದೆ ತಂದು ಹಾಕಿ, "ಬನ್ನಿ ದೊಡ್ಡಮ್ಮ, ನಿಮ್ಮಿಂದಲೇ ಬೋಣಿ" ಎಂದು ಅಕ್ಕನನ್ನು ಕೂರಿಸಿದ ದಿನ, ಪರದೆಯಲ್ಲಿ ಇನ್ನೇನೋ ಇರುವಾಗ ಅಕ್ಕ ಹಳೆಯ ಇಪ್ಪತ್ತೆಂಟನ್ನೇ ಗಟ್ಟಿಯಾಗಿ ಒಪ್ಪಿಸಿದಳು. ಹೊಸ ಮಾಲೀಕ ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿದ. ಅಲ್ಲಿಂದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು, "ಎರಡು ವರ್ಷದ ಹಿಂದೆ ಬಂದಿದ್ರೆ ಇಂಜೆಕ್ಷನ್ ಕೊಟ್ಟು ತಡೀಬಹುದಿತ್ತು. ಮನೇಲಿ ಯಾರೂ ಗಮನಿಸಲಿಲ್ವಾ?" ಎಂದು ಕೇಳಿದ್ದು ಕನ್ನಡಕದಮ್ಮನ ಮುಖ ನೋಡಿಕೊಂಡೇ.

ಎದುರಿನಿಂದ ಎರಡು ಬೆಳಕು ನುಗ್ಗಿ ಬಂತು, ಹಾರ್ನಿನ ಸದ್ದು ಕಿವಿ ಸೀಳಿತು. ಅವಳು ಸ್ಟೀರಿಂಗನ್ನು ಎಡಕ್ಕೆ ಎಳೆದಳು. ಪಕ್ಕದಲ್ಲಿ ಹಾದುಹೋದ ಲಾರಿಯವನು ತಲೆ ಹೊರಗೆ ಹಾಕಿ, "ಏನಮ್ಮಾ, ಕಣ್ಣು ಕಾಣಲ್ವಾ?" ಎಂದು ಕೂಗಿ ಹೋದ. ಸುರಂಗದ ಆಚೆ ಗಾಡಿ ನಿಲ್ಲಿಸಿ, ಬೈನಾಕ್ಯುಲರ್ ಪೆಟ್ಟಿಗೆ ಉರುಳಿ ಬಿದ್ದಿದ್ದನ್ನು ಎತ್ತಿ ದಿಂಬಿನ ಮೇಲೆ ಕೂರಿಸಿದಳು.

ಕಣಿವೆಯ ಕಟ್ಟೆಗೆ ಬಂದಾಗ ನಾಲ್ಕೂವರೆ. ಈ ಉದ್ಯಾನದ ಹೆಸರುವಾಸಿಯೆಲ್ಲ ಆ ಕಣಿವೆಯಿಂದ. ಆದರೆ ಕಟ್ಟೆಯ ಕಂಬಿಯಾಚೆ ಮಂಜು ತುಂಬಿ, ಕಣಿವೆಯಿದ್ದ ಜಾಗದಲ್ಲಿ ಸುಣ್ಣ ಬಳಿದ ಗೋಡೆ ಎದ್ದು ನಿಂತ ಹಾಗಿತ್ತು. ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರವೊಂದು ಅದಕ್ಕೇ ಬೆನ್ನು ಕೊಟ್ಟು ಹಲ್ಲು ಬಿಟ್ಟುಕೊಂಡು ನಿಂತಿತ್ತು. "ಆಂಟಿ, ಒಂದು ಫೋಟೋ ತೆಗೀತೀರಾ?" ಎಂದು ಹೆಂಡತಿ ಫೋನು ಕೊಟ್ಟಳು. ತೆಗೆದುಕೊಟ್ಟಳು. ಆ ಹೆಂಗಸು ನೋಡಿ, "ಅಯ್ಯೋ, ಮಸುಕಾಗಿದೆ" ಎಂದಳು. ಇನ್ನೊಂದು ತೆಗೆದಳು, ಅದೂ ಹಾಗೇ. "ಪರವಾಗಿಲ್ಲ ಬಿಡಿ ಆಂಟಿ," ಎಂದು ಫೋನು ವಾಪಸು ತೆಗೆದುಕೊಂಡು ಗಂಡನ ಕಿವಿಯಲ್ಲಿ ಏನೋ ಹೇಳಿದಳು, ಗಂಡ ನಕ್ಕ. "ಕಾಣದಿದ್ರೆ ಕಾಣಲ್ಲ ಅನ್ನಿ, ಇದೇನು ಪರೀಕ್ಷೆ ಅಲ್ಲ" ಎಂದು ಕುರ್ಚಿಗೆ ಬಂದವರಿಗೆಲ್ಲ ತಾನು ಹೇಳುತ್ತಿದ್ದದ್ದು ನೆನಪಾಯಿತು. ಎಷ್ಟೋ ಜನ ನಾಚಿಕೆಗೆ ಊಹಿಸಿ ಓದುತ್ತಾರೆ, ಅದಕ್ಕೇ ಮೊದಲೇ ಆ ಮಾತು. ಮಕ್ಕಳಿಗೆ, ಮುದುಕರಿಗೆ, ಲಾರಿ ಓಡಿಸುವವರಿಗೆ, ಎಲ್ಲರಿಗೂ. ಸಂಸಾರ ಗಾಡಿ ಹತ್ತಿ ಹೊರಟುಹೋಯಿತು. ಕಟ್ಟೆಯ ಮೇಲೆ ಅವಳೊಬ್ಬಳೇ ಉಳಿದಳು, ಕಲ್ಲುಬೆಂಚು ತಣ್ಣಗೆ ಕೊರೆಯುತ್ತಿತ್ತು.

ಕೈಯಲ್ಲಿ ಗೇಟಿನಲ್ಲಿ ಕೊಟ್ಟ ಮಾಹಿತಿಪತ್ರ. ಆರು ದಿನದಿಂದ ಇಂಥ ಪತ್ರಗಳನ್ನೇ ಅವಳು ಅಕ್ಕನಿಗೆ ಓದಿ ಹೇಳುತ್ತಾ ಬಂದದ್ದು. ಮೊದಲೆರಡು ದಿನ ಕಂಡದ್ದನ್ನು ಹೇಳಲು ಹೋಗಿ, ಬಣ್ಣ ಎಂಬಲ್ಲಿಗೆ ಬಂದಾಗಲೆಲ್ಲ ಮಾತು ಬದಲಿಸಿಬಿಡುತ್ತಿದ್ದಳು. ಮೂರನೆಯ ದಿನ ರೂಮು ಬಿಟ್ಟು ಏಳಲೇ ಇಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡೇ, ಕೆರೆಯ ದಡಕ್ಕೆ ನಲವತ್ತು ಜಿಂಕೆ ಬಂದವು ಅಕ್ಕ, ಬೂದು ಬಣ್ಣದ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು ಎಂದು ಪತ್ರ ನೋಡಿ ಒಪ್ಪಿಸಿದಳು. ಆ ತುದಿಯಲ್ಲಿ ಅಕ್ಕ ಪೂರ್ತಿ ಕೇಳಿ, "ಸರಿಯಾಗಿದೆ" ಎಂದಳು. ಆಮೇಲಿನ ದಿನಗಳಲ್ಲೂ ಅಷ್ಟೇ, ಕೊನೆಗೆ ಒಂದು "ಸರಿಯಾಗಿದೆ".

ಐದಕ್ಕೆ ಸರಿಯಾಗಿ ಫೋನು ಮಾಡಿದಳು. ಹಿಂದೆ ಟೈಲರಮ್ಮನ ಮೆಷಿನ್ನಿನ ಸದ್ದು ಕೇಳಿಸಿತು, ಮನೆಯೇ ಕಿವಿಗೆ ಬಂದು ಆನಿಕೊಂಡಂತಾಯಿತು.

"ಹೇಳು ಪುಟ್ಟಿ, ಕೂತಿದೀನಿ."

"ಊಟ ಆಯ್ತಾ ಅಕ್ಕ?"

"ಅದು ಇರಲಿ. ಕಣಿವೆ ಹೇಗಿದೆ?"

"ಚೆನ್ನಾಗಿದೆ ಅಕ್ಕ. ಸಂಜೆ ಬಿಸಿಲಿಗೆ ಬಂಡೆಗಳು ಏಳು ಬಣ್ಣಕ್ಕೆ ತಿರುಗಿ…" ಅಲ್ಲಿಗೆ ನಾಲಿಗೆ ನಿಂತಿತು. ಕಾಗದದಲ್ಲಿ ಮುಂದಿನ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು, ಓದಿದರೆ ಮುಗಿಯಿತು. "ಇಲ್ಲ ಅಕ್ಕ. ಮಂಜು ಕವಿದಿದೆ. ಏನೂ ಕಾಣ್ತಿಲ್ಲ."

ಮೆಷಿನ್ನಿನ ಸದ್ದು ನಿಂತಿತು. ಅಕ್ಕ ಕೈ ಎತ್ತಿ ನಿಲ್ಲಿಸಿರಬೇಕು.

"ಅಬ್ಬಾ, ಅಂತೂ ಒಂದು ನಿಜ ಬಂತಲ್ಲ! ಆ ಕಾಗದ ಎಲ್ಲ ಹನ್ನೊಂದು ವರ್ಷದ ಹಿಂದೆ ನನಗೂ ಕಳಿಸಿದ್ರು ಕಣೇ. ಮಹಾರಾಯರು ಇನ್ನೂ ಒಂದಕ್ಷರ ಬದಲಾಯಿಸಿಲ್ಲ. ನಲವತ್ತು ಜಿಂಕೆ, ಒಂಟಿಕಾಲಿನ ಕೊಕ್ಕರೆ. ಆ ಕೊಕ್ಕರೆ ಇನ್ನೂ ಇನ್ನೊಂದು ಕಾಲು ಊರಿಲ್ವಾ?"

ಕನ್ನಡಕದಮ್ಮನಿಗೆ ನಗುವೂ ಬಂತು, ಅಳುವೂ ಬಂತು. "ಅಕ್ಕ, ಇನ್ನೊಂದು ಹೇಳ್ಬೇಕು. ಬೈದ್ರೂ ಪರವಾಗಿಲ್ಲ, ಮನೆಗೆ ಬರಬೇಡ ಅಂದ್ರೂ ಪರವಾಗಿಲ್ಲ. ಎರಡು ವರ್ಷದ ಹಿಂದೆ ಅಂಗಡೀಲಿ ನಿನ್ನ ಕಣ್ಣು ನೋಡಿದ್ನಲ್ಲ, ಆವತ್ತು ನೀನು ಓದುವಾಗ ನಾನಿನ್ನೂ ದೀಪ ಹಾಕಿರಲಿಲ್ಲ."

"ಗೊತ್ತು."

"ಏನು ಗೊತ್ತು?"

"ದೀಪ ಹತ್ತಿರಲಿಲ್ಲ ಅಂತ ಗೊತ್ತು. ನಡುವೆ ಹೋಗಿತ್ತೇ ಹೊರತು ಸುತ್ತ ಹೋಗಿತ್ತಾ? ಬೆಳಕು ಇದೆಯೋ ಇಲ್ವೋ ಅಷ್ಟೂ ತಿಳಿಯದಷ್ಟು ಕುರುಡಿ ಆಗಿರಲಿಲ್ಲ ನಾನು. ಬೇಕಂತಲೇ ಓದಿದೆ."

ಹೌದಲ್ಲ! ಕಸುಬು ಕಲಿಯಲು ನಿನ್ನೆ ಸೇರಿದವರಿಗೂ ತಿಳಿಯುವ ಸಂಗತಿ. ಈ ಕಾಯಿಲೆಯಲ್ಲಿ ಅಂಚು ಉಳಿದಿರುತ್ತದೆ, ಅಂಚಿಗೆ ದೀಪ ಕಂಡೇ ಕಾಣುತ್ತದೆ. ಎರಡು ವರ್ಷದಲ್ಲಿ ಒಂದು ಸಲವೂ ಅವಳು ಅದನ್ನು ಯೋಚಿಸಿರಲಿಲ್ಲ. ಯೋಚಿಸುವುದು ಬೇಡವಾಗಿತ್ತು, ಅಷ್ಟೆ.

"ನನಗೆ ಬಾಯಿ ಬಿಟ್ಟು ಹೇಳೋಕೆ ಆಗಲಿಲ್ಲ ಪುಟ್ಟಿ," ಅಕ್ಕನ ದನಿ ಇಳಿದಿತ್ತು. "ಕತ್ತಲಲ್ಲಿ ಓದಿದ್ರೆ ನೀನೇ ಹಿಡೀತೀಯ, 'ಏನಕ್ಕಾ ಇದು ಕಳ್ಳಾಟ' ಅಂತ ಬೈತೀಯ, ಕರ್ಕೊಂಡು ಹೋಗ್ತೀಯ ಅಂದ್ಕೊಂಡೆ. ನೀನು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ! ಅದೂ ಗೊತ್ತಾಯ್ತು. ಆಮೇಲೆ ದೀಪ ಹಾಕಿ 'ಸರಿಯಾಗಿದೆ' ಅಂದೆ. ಸರಿ, ಇವಳಿಗೆ ಬೇಡವಾಗಿದೆ ಅಂತ ನಾನೂ ಸುಮ್ಮನಾದೆ."

"ಯಾಕೆ ಹಾಗೆ ಮಾಡಿದೆ ಅಂತ ಕೇಳಕ್ಕ. ಹೇಳ್ತೀನಿ."

"ಕೇಳಲ್ಲ. ಕೇಳಿದ್ರೆ ಹೇಳ್ತೀಯ. ಹೇಳಿದ್ರೆ ನನಗದು ಬಾಯಿಪಾಠ ಆಗಿಬಿಡತ್ತೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸುತ್ತ ಯಾರೂ ಇಲ್ಲದ್ದರಿಂದ ಆಮೇಲೆ ಸೆರಗು ತೆಗೆದು ಗಟ್ಟಿಯಾಗಿಯೇ ಅತ್ತಳು. ಅಕ್ಕ ಸಮಾಧಾನ ಹೇಳಲಿಲ್ಲ, ಫೋನೂ ಇಡಲಿಲ್ಲ. ಅಳು ತಾನಾಗಿ ಬಿಕ್ಕಿಗೆ ಇಳಿಯುವ ತನಕ ಕಾದು, "ಆಯ್ತಾ? ಈಗ ಎದುರಿಗೆ ಏನಿದೆ, ಹೇಳು. ಕಾಗದ ಮಡಿಸಿಡು," ಎಂದಳು.

"ಒಂದು ಕಂಬಿ ಇದೆ."

"ಯಾವ ಬಣ್ಣ?"

"ಹಸಿರು. ಎರಡು ಕಡೆ ಸುಲಿದು ತುಕ್ಕು ಕಾಣ್ತಿದೆ."

"ಹೂಂ. ಮುಂದಿನ ಸಾಲು."

"ಕಂಬಿ ಆಚೆ ಒಂದು ಪೊದೆ. ಅರ್ಧ ಇದೆ, ಇನ್ನರ್ಧ ಮಂಜಲ್ಲಿ ಹೋಗಿದೆ. ಒಂದು ರೆಂಬೆಗೆ ಯಾರದೋ ಮಗುವಿನ ಟೋಪಿ ಸಿಕ್ಕಿಕೊಂಡಿದೆ, ಹಳದಿ."

"ಮುಂದಿನ ಸಾಲು."

ಅವಳು ಬೆಂಚಿನಿಂದ ಎದ್ದು ಕಂಬಿ ಹಿಡಿದು, ಮುಂದೆ ಬಾಗಿ, ಕಣ್ಣು ಕಿರಿದು ಮಾಡಿದಳು. ಕುರ್ಚಿಯಲ್ಲಿ ಕೂತವರೆಲ್ಲ ಕೊನೆಯ ಸಾಲಿಗೆ ಹೀಗೇ ಮುಂದೆ ಬಾಗುತ್ತಿದ್ದರು, ಬಾಗಬೇಡಿ ಎಂದು ಅವಳು ಗದರುತ್ತಿದ್ದಳು. ಅಲ್ಲಿ ಕಣಿವೆ ಇರಬೇಕು. ಇಷ್ಟು ದೂರ ಬಂದದ್ದಕ್ಕಾದರೂ ಅಕ್ಕನಿಗೆ ಒಂದು ಬಂಡೆ, ಒಂದು ಹಕ್ಕಿ, ಏನಾದರೂ ಒಂದು ಕೊಡಬೇಕು.

"ಕಾಣದಿದ್ರೆ ಕಾಣಲ್ಲ ಅನ್ನು ಪುಟ್ಟಿ," ಎಂದಳು ಅಕ್ಕ. "ಇದೇನು ಪರೀಕ್ಷೆ ಅಲ್ಲ."

ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತು ಅಕ್ಕ ಆ ಮಾತನ್ನು ಎಷ್ಟು ಸಾವಿರ ಸಲ ಕೇಳಿಸಿಕೊಂಡಿರಬೇಕು! ಊರಿಗೆಲ್ಲ ಹೇಳಿದ ಮಾತು. ಅಕ್ಕ ಕುರ್ಚಿಯಲ್ಲಿ ಕೂತಾಗ ಮಾತ್ರ ಒಂದು ಸಲವೂ ಹೇಳಿರಲಿಲ್ಲ. ನಮ್ಮವಳೇ ಅಲ್ಲವೇ ಎಂದು, ನೇರ ದೀಪದ ಗುಂಡಿಗೇ ಕೈ ಹಾಕುತ್ತಿದ್ದಳು.

"ಕಾಣ್ತಿಲ್ಲ ಅಕ್ಕ."

ಅಕ್ಕನ ದನಿ ಬಂತು, ಅವಳು ಯಾವತ್ತೂ ಕೇಳಿರದಷ್ಟು ಸಣ್ಣಗೆ.

"ನನಗೂ ಕಾಣಲ್ಲ ಕಣೇ."

ಕನ್ನಡಕದಮ್ಮ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸುಲಿದ ಬಣ್ಣ ಅಂಗೈಗೆ ಒತ್ತುತ್ತಿತ್ತು. "ಬರ್ಲಾ ಅಕ್ಕ?" ಎಂದಳು.

"ಬರದೆ ಇನ್ನೇನು? ಉಳಿದ ಮೂರು ಕಾಡು ಎಲ್ಲೂ ಓಡಿಹೋಗಲ್ಲ, ನೋಡೋಣ, ಇಬ್ಬರೂ ಹೋದ್ರಾಯ್ತು. ಬೆಳಿಗ್ಗೆ ಹೊರಡು." ಅಕ್ಕ ಮೂಗೊರೆಸಿಕೊಂಡ ಸದ್ದು ಬಂತು. "ಮತ್ತೆ ನನ್ನ ದಿಂಬು ಎಲ್ಲಾದ್ರೂ ಬಿಟ್ಟು ಬಂದೀಯ. ನಿನ್ನದು ಇಟ್ಟಿಗೆ ಇದ್ದ ಹಾಗಿದೆ, ಒಂಬತ್ತು ದಿನದಿಂದ ಕತ್ತು ಹಿಡ್ಕೊಂಡಿದೆ ನನಗೆ."